ಆಲ್ಬರ್ಗ್ 30 ಕೊಳ್ಳಲಾ, ಕೆಟಲಿನಾ 30 ಕೊಳ್ಳಲಾ?

ಓದುಗರ ಪ್ರಶ್ನೆ: ಸರ್, ನಮಸ್ಕಾರ. ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರ. ಹೆಸರಿಗಷ್ಟೇ ಸಾಗರ, ಹಾಯಿದೋಣಿ ಹತ್ತಿದ್ದು ಅಮೆರಿಕಕ್ಕೆ ಬಂದ ಮೇಲೆ. ಮೇರಿಲ್ಯಾಂಡಿನಲ್ಲಿದ್ದೇವೆ. ಚೆಸಪೀಕ್ ಕೊಲ್ಲಿಯಲ್ಲಿ ಎರಡು ಸೀಸನ್ ಕ್ಲಬ್ಬಿನ ದೋಣಿಗಳಲ್ಲಿ ಕಲಿತೆ. ಈಗ ಸ್ವಂತದ್ದು ಬೇಕು ಅನಿಸಿದೆ. ಸುಮಾರು ಮೂವತ್ತಡಿ ಉದ್ದದ ಎರಡು ಹಳೆಯ ಹಾಯಿದೋಣಿ ನೋಡಿದ್ದೇನೆ. ಒಂದು 1967ರ ಆಲ್ಬರ್ಗ್ 30. ಪೆಟ್ರೋಲ್ ಎಂಜಿನ್ (ಅಟಾಮಿಕ್ 4), ಹಾಯಿಗಳು ನಾಲ್ಕು ವರ್ಷ ಹಳೆಯವು, ಕೇಳುತ್ತಿರುವುದು 6,500 ಡಾಲರ್. ಮಾಸ್ಟ್ (ಹಾಯಿಕಂಬ) ಸುತ್ತ ಕಾಲಿಟ್ಟರೆ ಡೆಕ್ (ದೋಣಿಯ ಮೇಲ್ಹಾಸು) ಸ್ವಲ್ಪ ಮೆತ್ತಗಿದೆ. ಇನ್ನೊಂದು 1981ರ ಕೆಟಲಿನಾ 30. 11 ಕುದುರೆ ಶಕ್ತಿಯ ಡೀಸೆಲ್ ಎಂಜಿನ್, 12,000 ಡಾಲರ್. ಕೀಲ್ (ದೋಣಿಯಡಿಯ ಭಾರದ ರೆಕ್ಕೆ) ತಳಕ್ಕೆ ಸೇರುವಲ್ಲಿ ಮುಂದುಗಡೆ ಒಂದು ಅಡ್ಡ ಬಿರುಕು, ತಳದಲ್ಲಿ ಅಲ್ಲಲ್ಲಿ ಗುಳ್ಳೆ. "ಆಲ್ಬರ್ಗ್ ಭೂಮಿ ಸುತ್ತಿದ ದೋಣಿ, ಕೆಟಲಿನಾ ತೇಲುವ ಅಪಾರ್ಟ್‌ಮೆಂಟ್" ಅಂತ ಗೆಳೆಯರು ಹೇಳ್ತಾರೆ. ಮನೆಯಲ್ಲಿ ನಾವಿಬ್ಬರು, 13 ಮತ್ತು 9 ವರ್ಷದ ಮಕ್ಕಳು. ವರ್ಷಕ್ಕೆ ಮೂರು ತಿಂಗಳು ಅಮ್ಮ ಬಂದಿರುತ್ತಾರೆ. ಐದಾರು ವರ್ಷದಲ್ಲಿ ಬಹಾಮಾಸ್‌ವರೆಗೆ ಹೋಗುವ ಆಸೆ. ಇಷ್ಟು ಹಳೆಯ ಫೈಬರ್‌ಗ್ಲಾಸ್ ನಂಬಬಹುದೇ? ಕೀಲ್ ಕಳಚಿ ಬೀಳುವ ಸುದ್ದಿ ಓದಿ ನಿದ್ದೆ ಬರುತ್ತಿಲ್ಲ.

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ದೋಣಿ ಇವೆ, ಆದರೆ ಭಯ ಒಂದೇ. ಹಳೆಯದನ್ನು ಕೊಂಡು ಮೋಸ ಹೋದರೆ ಏನು ಗತಿ, ಅದೂ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ, ಅಲ್ವಾ? ನಾನು ಮಲ್ಪೆಯ ಯಾರ್ಡಿನಲ್ಲಿ ಫೈಬರ್‌ಗ್ಲಾಸ್ ಗಟ್ಟಿ ಮಾಡುವ ರೆಸಿನ್ ಅಂಟು ಕಲಸುತ್ತಾ ಕೆಲಸ ಕಲಿತವನು. ಆಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಲ್ಲಿ ಅಮೆರಿಕದಲ್ಲಿ ದೋಣಿ ಸರ್ವೆ, ಅಂದರೆ ತಪಾಸಣೆ, ಮಾಡುತ್ತಿದ್ದೇನೆ. ಆಲ್ಬರ್ಗನ್ನೂ ಕೆಟಲಿನಾವನ್ನೂ ಲೆಕ್ಕವಿಲ್ಲದಷ್ಟು ಸಲ ತಟ್ಟಿ ನೋಡಿದ್ದೇನೆ. ಎರಡರಲ್ಲೂ ಫೈಬರ್‌ಗ್ಲಾಸ್ ಕೈಕೊಟ್ಟಿದ್ದು ಕಡಿಮೆ. ಕೈಕೊಡುವುದು ಅದರ ಹೊಟ್ಟೆಯೊಳಗೆ ಅಡಗಿರುವ ಮರ.

ಇದು ಮಲ್ಪೆಯಲ್ಲೇ ಕಲಿತ ಪಾಠ. ಔಟ್‌ಬೋರ್ಡ್ ಎಂಜಿನ್ ಹಾಕುವ ಮೀನುಗಾರಿಕೆ ದೋಣಿಯ ಹಿಂದಿನ ಹಲಗೆಯನ್ನು ನೆನಪಿಸಿಕೊಳ್ಳಿ. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಎಂಜಿನ್ ಬೋಲ್ಟಿನ ತೂತಿನಿಂದ ನೀರು ಹನಿಹನಿಯಾಗಿ ಒಳಗೆ ಇಳಿಯುತ್ತದೆ. ಹೊರಗಿನಿಂದ ಹೊಸ ಪೇಂಟು, ಒಳಗೆ ಒದ್ದೆ ಗೊಬ್ಬರ. ಒಂದು ದಿನ ಎಂಜಿನ್ ಅಲುಗಾಡಲು ಶುರುವಾಗುತ್ತದೆ. ಆಗ ಮಾಲೀಕ ಎಂಜಿನ್ನಿಗೆ ಬೈಯುತ್ತಾನೆ. ಹೊರಗೆ ಥಳಕು ಒಳಗೆ ಹುಳುಕು ಅಂತಾರಲ್ಲ, ಆ ಮಾತು ದೋಣಿ ನೋಡಿಯೇ ಹುಟ್ಟಿರಬೇಕು.

ಮೊದಲು "ಹಳೆಯ ಪ್ಲಾಸ್ಟಿಕ್" ವಿಚಾರ. ಚೆನ್ನಾಗಿ ಹಾಕಿದ ಫೈಬರ್‌ಗ್ಲಾಸ್ ವಯಸ್ಸಾಯಿತು ಅಂತ ಸುಮ್ನೆ ಸಾಯುವುದಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ 1950ರ ದಶಕದಲ್ಲಿ 40 ಅಡಿಯ ಫೈಬರ್‌ಗ್ಲಾಸ್ ಗಸ್ತು ದೋಣಿಗಳನ್ನು ಇಳಿಸಿತ್ತು. ಅದರಲ್ಲೊಂದನ್ನು 20 ವರ್ಷ ದುಡಿಸಿದ ಮೇಲೆ ತುಂಡು ಕತ್ತರಿಸಿ ಪರೀಕ್ಷೆ ಮಾಡಿದರು. ಬಲ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಹಾಗಂತ "ಹಳೆ ಕಾಲದವರು ದಪ್ಪಗೆ ಹಾಕುತ್ತಿದ್ದರು, ಹಾಗಾಗಿ ಹಳೆಯದೇ ಗಟ್ಟಿ" ಅನ್ನುವುದೂ ಅರ್ಧ ಸತ್ಯ. ದಪ್ಪ ಇತ್ತು, ನಿಜ. ಆದರೆ ಕೈಯಲ್ಲಿ ಹಾಕಿದ ಕೆಲಸ. ಸೋಮವಾರ ಬೆಳಿಗ್ಗೆ ಹಾಕಿದ ದೋಣಿಗೂ ಶುಕ್ರವಾರ ಸಂಜೆ ಹಾಕಿದ್ದಕ್ಕೂ ವ್ಯತ್ಯಾಸ ಇರುತ್ತಿತ್ತು. ನಾನೂ ಶುಕ್ರವಾರ ಸಂಜೆ ರೆಸಿನ್ ಹಾಕಿದವನೇ, ಗೊತ್ತು.

ಗುಳ್ಳೆಯ ಭಯ ಇನ್ನೂ ದೊಡ್ಡ ಗುಮ್ಮ. ಹಳೆಯ ಪಾಲಿಯೆಸ್ಟರ್ ರೆಸಿನ್ ಪೂರ್ತಿ ಜಲನಿರೋಧಕ ಅಲ್ಲ. ನೀರು ನಿಧಾನವಾಗಿ ಹೊರಪದರ ದಾಟುತ್ತದೆ. ಒಳಗೆ ಸರಿಯಾಗಿ ಬೆರೆಯದೆ ಉಳಿದ ರಾಸಾಯನಿಕ ಅದರಲ್ಲಿ ಕರಗುತ್ತದೆ. ಆ ದ್ರಾವಣ ಇನ್ನಷ್ಟು ನೀರನ್ನು ಎಳೆದುಕೊಂಡು ಉಬ್ಬುತ್ತದೆ. ಚುಚ್ಚಿದರೆ ವಿನೆಗರ್ ಥರ ಹುಳಿ ವಾಸನೆಯ ನೀರು ಚಿಮ್ಮುತ್ತದೆ, ಕನ್ನಡಕ ಹಾಕಿಕೊಂಡೇ ಚುಚ್ಚಿ. ಸಿಹಿ ನೀರಿನಲ್ಲಿ, ಬೆಚ್ಚಗಿನ ನೀರಿನಲ್ಲಿ ಇದು ಜಾಸ್ತಿ. ಚೆಸಪೀಕ್‌ನ ಮೇಲ್ಭಾಗದ ನೀರು ಅರೆಸಿಹಿ, ಹಾಗಾಗಿ ಇಲ್ಲಿನ ದೋಣಿಗಳಲ್ಲಿ ಗುಳ್ಳೆ ಕಾಣುವುದು ಹೊಸದೇನಲ್ಲ. ಕಾಸಿನಗಲದ ಗುಳ್ಳೆ ಇಪ್ಪತ್ತೋ ಮೂವತ್ತೋ ಇದ್ದರೆ ಉಜ್ಜಿ, ಒಣಗಿಸಿ, ಎಪಾಕ್ಸಿ ಅಂಟು ತುಂಬಿ ಪೇಂಟ್ ಮಾಡುವುದು ಎರಡು ವಾರಾಂತ್ಯದ ಕೆಲಸ. ಗುಳ್ಳೆಯಿಂದ ಮುಳುಗಿದ ದೋಣಿಯನ್ನು ನಾನಿನ್ನೂ ಕಂಡಿಲ್ಲ. ಬೆಲೆ ಇಳಿಸಲು ಮಾತ್ರ ಒಳ್ಳೆಯ ನೆಪ. ಅಂಗೈ ಅಗಲದ ಗುಳ್ಳೆಗಳಿದ್ದು ಪದರ ಬಿಟ್ಟಿದ್ದರೆ ಮಾತು ಬೇರೆ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ.

ಆಲ್ಬರ್ಗ್ 30 ವಿನ್ಯಾಸ ಕಾರ್ಲ್ ಆಲ್ಬರ್ಗ್ ಅವರದು. ಸ್ವೀಡನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಕೆನಡಾದ ಒಂಟಾರಿಯೊದಲ್ಲಿ ವ್ಹಿಟ್ಬಿ ಬೋಟ್ ವರ್ಕ್ಸ್ 1962ರಿಂದ 80ರ ದಶಕದವರೆಗೆ 700ಕ್ಕೂ ಹೆಚ್ಚು ಕಟ್ಟಿತು. ಅದರಲ್ಲಿ ದೊಡ್ಡ ಪಾಲು ನಿಮ್ಮ ಚೆಸಪೀಕ್‌ಗೇ ಬಂತು. ಇವತ್ತಿಗೂ ಅಲ್ಲಿ ಮಾಲೀಕರ ಗಟ್ಟಿ ಸಂಘ ಇದೆ. ಭೂಮಿ ಸುತ್ತಿದ್ದು ನಿಜ. ಕೆನಡಾದ ಈವ್ ಜೆಲಿನಾ 1981ರಲ್ಲಿ ಫ್ರಾನ್ಸ್‌ನ ಸೇಂಟ್ ಮಾಲೋದಿಂದ ತಮ್ಮ 'ಜಾ ದ್ಯು ಸುದ್' ದೋಣಿಯಲ್ಲಿ ಒಬ್ಬರೇ ಹೊರಟು ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರ ದಾಟಿ 1983ರಲ್ಲಿ ಕೆನಡಾ ಮುಟ್ಟಿದರು. ಸಮುದ್ರದಲ್ಲಿ 282 ದಿನ. ಆದರೆ ಹೊರಡುವ ಮೊದಲು ದೋಣಿಯನ್ನು ಬಲಪಡಿಸಲು ಅವರು ಪಟ್ಟ ಶ್ರಮವನ್ನು ಯಾರೂ ಹೇಳುವುದಿಲ್ಲ. ದಾರಿಯಲ್ಲಿ ಮಾಸ್ಟ್ ಮುರಿದು ನ್ಯೂಜಿಲೆಂಡ್‌ನ ಚಾಟಮ್ ದ್ವೀಪಗಳಲ್ಲಿ ನಿಲ್ಲಬೇಕಾಯಿತು ಅನ್ನುವುದನ್ನೂ ಹೇಳುವುದಿಲ್ಲ.

ಇನ್ನು "ತೇಲುವ ಅಪಾರ್ಟ್‌ಮೆಂಟ್". ಕೆಟಲಿನಾ ಕಂಪನಿ ಕಟ್ಟಿದ್ದು ಕ್ಯಾಲಿಫೋರ್ನಿಯಾದ ಫ್ರಾಂಕ್ ಬಟ್ಲರ್. ಈ 30 ಅಡಿಯದ್ದು 70ರ ದಶಕದ ಮಧ್ಯದಲ್ಲಿ ಶುರುವಾಗಿ 2008ರವರೆಗೆ ಬಂತು, 6,000ಕ್ಕೂ ಮೀರಿ. ಇದಕ್ಕಿಂತ ಚಿಕ್ಕದಾದ ಕೆಟಲಿನಾ 27ರಲ್ಲಿ ಪ್ಯಾಟ್ರಿಕ್ ಚೈಲ್ಡ್ರೆಸ್ 1979ರಿಂದ 82ರ ನಡುವೆ ಒಬ್ಬರೇ ಭೂಮಿ ಸುತ್ತಿ ಬಂದಿದ್ದಾರೆ. ಅಂದರೆ ಯಾರೋ ಒಬ್ಬರು ಸುತ್ತಿ ಬಂದರು ಅನ್ನುವುದರಿಂದ ನಿಮ್ಮ ಮುಂದಿರುವ ದೋಣಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಅದು ಹೋದವರ ಗುಂಡಿಗೆಯ ಲೆಕ್ಕ.

ಆದರೂ ಗೆಳೆಯರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆಲ್ಬರ್ಗ್ ಅಗಲ 8 ಅಡಿ 9 ಅಂಗುಲ, ತೂಕ 9,000 ಪೌಂಡ್. ಕೆಟಲಿನಾ ಅಗಲ 10 ಅಡಿ 10 ಅಂಗುಲ, ತೂಕ 10,200 ಪೌಂಡ್. 1979ರಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಹಾಯಿದೋಣಿ ರೇಸಿನಲ್ಲಿ 303 ದೋಣಿ ಹೊರಟು ಬಿರುಗಾಳಿಗೆ ಸಿಕ್ಕಿ 15 ನಾವಿಕರು ಸತ್ತರು. ಆಮೇಲೆ ಅಗಲಕ್ಕೂ ತೂಕಕ್ಕೂ ಗಂಟು ಹಾಕಿ ಮಗುಚುವ ಅಪಾಯದ ಒಂದು ಸರಳ ಲೆಕ್ಕ ಬಂತು. ಉತ್ತರ 2ಕ್ಕಿಂತ ಕಡಿಮೆ ಇದ್ದಷ್ಟೂ ತೆರೆದ ಸಮುದ್ರಕ್ಕೆ ಒಳ್ಳೆಯದು. ಆಲ್ಬರ್ಗ್‌ಗೆ 1.68 ಬರುತ್ತದೆ. ಕೆಟಲಿನಾಗೆ ಸರಿಸುಮಾರು 2, ಗಡಿಯ ಮೇಲೆ. ಇದು ಒರಟು ಲೆಕ್ಕ, ಭಾರ ಎಷ್ಟು ಕೆಳಗಿದೆ ಅನ್ನುವುದನ್ನು ಇದು ನೋಡುವುದೇ ಇಲ್ಲ. ಆದರೂ ದಿಕ್ಕು ಸರಿ ತೋರಿಸುತ್ತದೆ. ನಮ್ಮ ಅಭಿಲಾಷ್ ಟೋಮಿ 2022–23ರಲ್ಲಿ ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಎರಡನೆಯವರಾಗಿ ಬಂದರಲ್ಲ, ಅವರ ರಸ್ಲರ್ 36 ಕೂಡ ಆಲ್ಬರ್ಗ್ ಥರದ ಉದ್ದ ಕೀಲಿನದು. ಆ ರೇಸಿನ ನಿಯಮವೇ ಹಾಗೆ: ಹಳೆಯ ವಿನ್ಯಾಸ, ಉದ್ದ ಕೀಲ್, ಅದರ ಹಿಂದಂಚಿಗೇ ಚುಕ್ಕಾಣಿ.

ಪ್ರಶ್ನೆ ಏನೆಂದರೆ, ನೀವು ದಕ್ಷಿಣ ಸಾಗರಕ್ಕೆ ಹೋಗುತ್ತಿದ್ದೀರಾ? ನೀವು ಹೋಗುವುದು ಶನಿವಾರ ಬೆಳಿಗ್ಗೆ ಅನಾಪೊಲಿಸ್‌ನಿಂದ ಸೇಂಟ್ ಮೈಕಲ್ಸ್‌ಗೆ. ಜುಲೈ ತಿಂಗಳು, ಗಾಳಿ ಇಲ್ಲ, ಸೆಕೆ, ನೀರಿಗಿಳಿಯೋಣ ಅಂದರೆ ಲೋಳೆಮೀನು. ಮಧ್ಯಾಹ್ನ ಮೂರಕ್ಕೆ ಪಶ್ಚಿಮದಿಂದ ಕಪ್ಪು ಮೋಡ. ಇಂಥ ಜಾಗದಲ್ಲಿ ದೋಣಿಯ ಗುಣ ಬೇರೆ ಥರ ಕಾಣುತ್ತದೆ.

ಆಲ್ಬರ್ಗ್ ಗಾಳಿ ಬಂದ ಕೂಡಲೇ ವಾಲುತ್ತದೆ. 20 ಡಿಗ್ರಿ ದಾಟುವವರೆಗೆ ಸಲೀಸಾಗಿ ವಾಲಿ, ಆಮೇಲೆ ಬಂಡೆಯಂತೆ ನಿಲ್ಲುತ್ತದೆ. ನೀರಿಗೆ ತಾಗುವ ಉದ್ದ 21 ಅಡಿ 8 ಅಂಗುಲವಷ್ಟೇ, ಉಳಿದದ್ದು ಮುಂದೆ ಹಿಂದೆ ಚಾಚಿದ ಮೂತಿ, ಬಾಲ. ಆ ಕಾಲದ ರೇಸಿನ ನಿಯಮಕ್ಕೆ ತಕ್ಕ ಆಕಾರ ಅದು. ವಾಲಿದಾಗ ಆ ಚಾಚು ನೀರಿಗೆ ತಾಗಿ ದೋಣಿ ಉದ್ದವಾಗುತ್ತದೆ, ವೇಗ ಬರುತ್ತದೆ. ನೋಡಲು ಎಷ್ಟು ಚಂದ ಅಂದರೆ, ನಾನು ಸರ್ವೆ ಮುಗಿಸಿ ಹೊರಟ ಮೇಲೂ ಒಂದು ಸಲ ತಿರುಗಿ ನೋಡುತ್ತೇನೆ. ಆದರೆ ಅಮ್ಮ ಒಳಗೆ ಕೂತಿರುವಾಗ 20 ಡಿಗ್ರಿ ವಾಲುವುದು ಏನು ಅಂತ ಯೋಚಿಸಿ. ಕೆಟಲಿನಾದಲ್ಲಿ ನೀರಿಗೆ ತಾಗುವ ಉದ್ದ 25 ಅಡಿ, ಅಗಲ ಎರಡಡಿ ಜಾಸ್ತಿ. ಒಳಗೆ ಹೊಕ್ಕರೆ ಎರಡಡಿ ಅಲ್ಲ, ಒಂದು ಕೋಣೆಯೇ ಜಾಸ್ತಿ ಅನಿಸುತ್ತದೆ. ಕಾಫಿ ಲೋಟ ಮೇಜಿನ ಮೇಲೆ ನಿಲ್ಲುತ್ತದೆ. ಜೆಟ್ಟಿಗೆ ಹಿಮ್ಮುಖವಾಗಿ ತರುವಾಗ ಹೇಳಿದ ಮಾತು ಕೇಳುತ್ತದೆ. ಉದ್ದ ಕೀಲಿನ ಆಲ್ಬರ್ಗನ್ನು ಹಿಮ್ಮುಖ ಓಡಿಸುವುದು ಎಮ್ಮೆಯನ್ನು ಹಿಂದಕ್ಕೆ ತಳ್ಳಿದ ಹಾಗೆ. ಅದಕ್ಕೆ ಇಷ್ಟ ಇದ್ದ ಕಡೆ ಹೋಗುತ್ತದೆ.

ಆಲ್ಬರ್ಗ್ ಪರವಾಗಿ ಒಂದು ಮಾತು ಸೇರಿಸಲೇಬೇಕು. ಚೆಸಪೀಕ್ ತುಂಬ ಏಡಿ ಬುಟ್ಟಿಯ ಹಗ್ಗಗಳು. ಆಲ್ಬರ್ಗ್ ಅವುಗಳ ಮೇಲೆ ಜಾರಿ ಹೋಗುತ್ತದೆ. ಕೆಟಲಿನಾದ ಚುಕ್ಕಾಣಿ ಕೀಲಿನಿಂದ ದೂರ ಒಂಟಿಯಾಗಿ ನೇತಾಡುತ್ತದೆ, ಹಗ್ಗ ಸಿಕ್ಕಿಕೊಳ್ಳುತ್ತದೆ. ಆಳವೂ ಅಷ್ಟೇ. ಆಲ್ಬರ್ಗ್‌ಗೆ 4 ಅಡಿ 3 ಅಂಗುಲ ನೀರು ಸಾಕು, ಕೆಟಲಿನಾಗೆ 5 ಅಡಿ 3 ಅಂಗುಲ ಬೇಕು. ಕೊಲ್ಲಿಯ ಸರಾಸರಿ ಆಳವೇ ಸುಮಾರು 21 ಅಡಿ. ಬಹಾಮಾಸ್‌ನ ಆಳವಿಲ್ಲದ ನೀರಿನಲ್ಲಿ ಆ ಒಂದು ಅಡಿಗೆ ಬೆಲೆ ಇದೆ. ಕೆಟಲಿನಾದಲ್ಲೂ ಗಿಡ್ಡ ಕೀಲಿನದು ಬರುತ್ತಿತ್ತು. ನೀವು ನೋಡಿದ್ದು ಯಾವುದು ಅಂತ ಟೇಪು ಹಿಡಿದು ಅಳೆಯಿರಿ, ಜಾಹೀರಾತು ನಂಬಬೇಡಿ.

ಇನ್ನು ಅಸಲಿ ವಿಷಯ, ಮರ.

ಆಲ್ಬರ್ಗ್‌ನ ಡೆಕ್ ಎರಡು ಫೈಬರ್ ಪದರದ ನಡುವೆ ಒಂದು ಹೂರಣ ಇಟ್ಟ ಹೋಳಿಗೆ. ಮೊದಮೊದಲ ದೋಣಿಗಳಲ್ಲಿ ಆ ಹೂರಣ ಮ್ಯಾಸೊನೈಟ್, ಅಂದರೆ ಒತ್ತಿದ ಮರದ ಹೊಟ್ಟಿನ ಹಲಗೆ. ಆಮೇಲೆ ಹಗುರವಾದ ಬಾಲ್ಸಾ ಮರ ಬಂತು. ನಿಮ್ಮದು 67ರದ್ದು, ಮ್ಯಾಸೊನೈಟ್ ಇರುವುದೇ ಹೆಚ್ಚು. ನೀರು ಕುಡಿದರೆ ಅದು ನೆನೆಸಿದ ರಟ್ಟಿನ ಥರ ಆಗುತ್ತದೆ. ಸಾಲದ್ದಕ್ಕೆ ಮೇರಿಲ್ಯಾಂಡಿನ ಚಳಿಗೆ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಪದರ ಬಿಡಿಸುತ್ತದೆ. ಮಾಸ್ಟ್ ನಿಲ್ಲುವುದು ಈ ಡೆಕ್ ಮೇಲೆ. ಅದರ ಕೆಳಗೆ ಭಾರ ಹೊರಲು ಅಡ್ಡಲಾಗಿ ಒಂದು ಮರದ ತೊಲೆ. ಹಳೆಯ ಆಲ್ಬರ್ಗ್‌ಗಳಲ್ಲಿ ಈ ತೊಲೆ ಸೀಳುವುದು ಮಾಲೀಕರಿಗೆಲ್ಲ ಗೊತ್ತಿರುವ ಕಾಯಿಲೆ. ಅಲ್ಯೂಮಿನಿಯಂ ಪಟ್ಟಿ ಕೊಟ್ಟು ಗಟ್ಟಿ ಮಾಡಿಸಿದವರು ಬಹಳ ಜನ. ನೀವು ನೋಡಿದ್ದರಲ್ಲಿ ಮಾಡಿಸಿದ್ದಾರಾ? "ಸ್ವಲ್ಪ ಮೆತ್ತಗೆ" ಅಂತ ನೀವು ಬರೆದದ್ದು ನನಗೆ ಕೀಲಿನ ಬಿರುಕಿಗಿಂತ ಜಾಸ್ತಿ ಚಿಂತೆ ತಂದಿದೆ.

ಕೆಟಲಿನಾದಲ್ಲೂ ಮಾಸ್ಟ್ ಡೆಕ್ ಮೇಲೇ. ಅದರ ಭಾರ ಒಳಗಿನ ಕಂಬದ ಮೂಲಕ ತಳಕ್ಕೆ ಇಳಿಯುತ್ತದೆ. ಕಂಬದ ಬುಡದಲ್ಲಿ, ಸದಾ ಒದ್ದೆ ಇರುವ ಬಿಲ್ಜಿನಲ್ಲಿ (ನೀರು ಸೇರುವ ಒಳತಳದಲ್ಲಿ), ಒಂದು ಮರದ ದಿಮ್ಮಿ. ಅದು ಕೊಳೆತರೆ ಕಂಬ ಕುಸಿಯುತ್ತದೆ, ಮಾಸ್ಟ್ ಹಿಡಿದಿರುವ ತಂತಿಗಳು ಸಡಿಲವಾಗುತ್ತವೆ, ಟಾಯ್ಲೆಟ್ ಬಾಗಿಲು ಸಿಕ್ಕಿಕೊಳ್ಳುತ್ತದೆ. ಹಳೆ ದೋಣಿ ಹತ್ತಿದ ಕೂಡಲೇ ನಾನು ಮೊದಲು ಮಾಡುವುದು ಟಾಯ್ಲೆಟ್ ಬಾಗಿಲು ಹಾಕಿ ತೆಗೆಯುವುದು. ಮಾಲೀಕರು ಪಾಪ, ಅರ್ಜೆಂಟ್ ಇರಬೇಕು ಅಂದುಕೊಳ್ಳುತ್ತಾರೆ.

ಕೀಲಿನ ಮುಂದಿನ ಆ ಅಡ್ಡ ಬಿರುಕಿಗೆ ಇಲ್ಲಿನವರು "ಕೆಟಲಿನಾ ಸ್ಮೈಲ್" ಅಂತ ಹೆಸರೇ ಇಟ್ಟಿದ್ದಾರೆ. ಕಾರಣ ಹೀಗೆ. 4,200 ಪೌಂಡಿನ ಕೀಲನ್ನು ತಳದ ಒಂದು ಕುತ್ತಿಗೆಗೆ ಬೋಲ್ಟ್ ಹಾಕಿ ನಿಲ್ಲಿಸಿರುತ್ತಾರೆ. ಆ ಕುತ್ತಿಗೆಯೊಳಗೆ ಹಳೆಯ ದೋಣಿಗಳಲ್ಲಿ ಪ್ಲೈವುಡ್ ಇದೆ. ಬಿಲ್ಜಿನ ನೀರು ಬೋಲ್ಟಿನ ಸುತ್ತ ಇಳಿದು ಪ್ಲೈವುಡ್ ಮೆತ್ತಗಾದರೆ ಬೋಲ್ಟಿನ ಹಿಡಿತ ಸಡಿಲ, ಮುಂದೆ ಬಾಯಿ ಬಿಡುತ್ತದೆ. ಬರೀ ಪುಟ್ಟಿ ಬಿರುಕು ಬಿಟ್ಟಿದ್ದರೆ ಸಣ್ಣ ವಿಷಯ. ಬಿರುಕಿನಿಂದ ನೀರು ಒಸರುತ್ತಿದ್ದರೆ, ಕಂದು ತುಕ್ಕಿನ ಗೆರೆ ಇದ್ದರೆ, ಬೋಲ್ಟ್ ಬಿಗಿ ಮಾಡುವಾಗ ವಾಷರ್ ಒಳಗೆ ಹೂತುಹೋದರೆ, ಒಳಗಿನ ಮರ ಸತ್ತಿದೆ ಅಂತ ಅರ್ಥ. ಅದನ್ನು ಬಿಚ್ಚಿ ತೆಗೆದು ಹೊಸದು ಹಾಕುವುದು ಸಾವಿರಗಳ ಲೆಕ್ಕ.

ಕೀಲ್ ಕಳಚುವ ಸುದ್ದಿ ಓದಿದ್ದೇನೆ ಅಂದಿರಿ. 2014ರಲ್ಲಿ ಅಟ್ಲಾಂಟಿಕ್‌ನಲ್ಲಿ ಚೀಕಿ ರಫೀಕಿ ದೋಣಿಯ ಕೀಲ್ ಕಳಚಿ ನಾಲ್ವರು ತೀರಿಕೊಂಡದ್ದೇ ಇರಬೇಕು. ಅದು ಇದಕ್ಕಿಂತ ಹೊಸ, ಬೇರೆ ಬಗೆಯ ದೋಣಿ. ಹಿಂದೆ ನೆಲಕ್ಕೆ ತಾಗಿದ್ದು, ಆಮೇಲಿನ ರಿಪೇರಿಗಳು ಸೇರಿ ಕೀಲ್ ದುರ್ಬಲವಾಗಿರಬಹುದು ಎಂದು ಬ್ರಿಟಿಷ್ ತನಿಖೆ ಹೇಳಿತು. ಹಾಗಾಗಿ ಕೇಳಬೇಕಾದ ಪ್ರಶ್ನೆ "ಕೀಲ್ ಬೋಲ್ಟಿನದಾ?" ಅಲ್ಲ, "ಎಲ್ಲಿ, ಎಷ್ಟು ಜೋರಾಗಿ ತಾಗಿತ್ತು?" ಅನ್ನುವುದು. ಹುಟ್ಟಿದಾಗಿನಿಂದ ಚೆಸಪೀಕ್‌ನ ಕೆಸರಲ್ಲೇ ಕೂತು ಎದ್ದ ದೋಣಿಯಾದರೆ ನನಗೆ ಸಮಾಧಾನ. ಉತ್ತರದ ಮೈನ್ ರಾಜ್ಯದ ಬಂಡೆಗಳ ನಡುವೆ ಹತ್ತು ವರ್ಷ ಇದ್ದು ಬಂದದ್ದಾದರೆ ಇನ್ನೊಮ್ಮೆ ನೋಡುತ್ತೇನೆ. ಆಲ್ಬರ್ಗ್‌ನಲ್ಲಿ ಭಾರವನ್ನು ಫೈಬರ್ ಕೀಲಿನ ಒಳಗೇ ಇಟ್ಟು ಮುಚ್ಚಿದ್ದಾರೆ. ಬೋಲ್ಟ್ ಇಲ್ಲ, ಆ ಭಯವೂ ಇಲ್ಲ.

ಎಂಜಿನ್ ವಿಷಯ ಬೇಗ ಮುಗಿಸುತ್ತೇನೆ. ಅಟಾಮಿಕ್ 4 ಒಳ್ಳೆಯ ಎಂಜಿನ್, ಸುಮಾರು 40,000 ಮಾಡಿದ್ದಾರೆ, ಬಿಡಿಭಾಗ ಈಗಲೂ ಸಿಗುತ್ತವೆ. ಆದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜಿನಲ್ಲಿ ಕೂರುತ್ತದೆ. ಸ್ಟಾರ್ಟ್ ಮಾಡುವ ಮೊದಲು ನಾಲ್ಕು ನಿಮಿಷ ಬ್ಲೋವರ್ (ಆವಿ ಹೊರಹಾಕುವ ಫ್ಯಾನು) ಓಡಿಸಬೇಕು, ಪ್ರತಿ ಸಲ. ಮನೆಯಲ್ಲಿ ಒಬ್ಬರು ಮರೆಯುವವರಿದ್ದರೆ ಡೀಸೆಲ್ಲೇ ವಾಸಿ. ಕೆಟಲಿನಾದ 11 ಕುದುರೆ ಶಕ್ತಿ ಅಷ್ಟು ತೂಕಕ್ಕೆ ಕಡಿಮೆ. ಎದುರು ಗಾಳಿ, ಎದುರು ಅಲೆ ಬಂದರೆ ಏದುಸಿರು ಬಿಡುತ್ತದೆ. ಎಂಜಿನ್ನಿನಿಂದ ಪ್ಯಾನೆಲ್‌ಗೆ ಹೋಗುವ ವೈರುಗಳ ಪ್ಲಗ್ ಕರಗಿ ಕಪ್ಪಾಗಿದೆಯಾ ನೋಡಿ. ಇದ್ದರೆ ಪ್ಲಗ್ ಕಿತ್ತು ನೇರ ಜೋಡಿಸಿ.

ಹಾಗಾದರೆ ದಾರಿ ಯಾವುದು? ಆಲ್ಬರ್ಗ್ ಕೊಂಡು ಡೆಕ್ ನೀವೇ ಮಾಡುವುದು ಒಂದು. ಮಾಡಬಹುದಾದ ಕೆಲಸವೇ. ಮೇಲಿನ ಪದರ ಕತ್ತರಿಸಿ, ಕೊಳೆತದ್ದನ್ನು ಕೆರೆದು, ಹೊಸ ಹೂರಣ ಇಟ್ಟು ಮುಚ್ಚುವುದು. ಆದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅಂದರೆ ಕೆಲಸದ ಸೀಸನ್ನೂ ಹಾಯಿ ಬಿಚ್ಚುವ ಸೀಸನ್ನೂ ಒಂದೇ. ವಾರಾಂತ್ಯದ ಕೆಲಸಗಾರರಿಗೆ ಎರಡು ಬೇಸಿಗೆ ಹಿಡಿಯುತ್ತದೆ. ನಿಮ್ಮ ದೊಡ್ಡ ಮಗುವಿಗೆ ಆಗ 15 ಆಗಿರುತ್ತದೆ, ಅಪ್ಪನ ಜೊತೆ ದೋಣಿಗೆ ಬರುತ್ತಾ ಕೇಳಿ ನೋಡಿ. ಯಾರ್ಡಿಗೆ ಕೊಟ್ಟರೆ ಕೂಲಿಯೇ ದೋಣಿಯ ಬೆಲೆಯನ್ನು ಎರಡು ಮೂರು ಸಲ ದಾಟುತ್ತದೆ.

ಕೆಟಲಿನಾ ಕೊಳ್ಳುವುದು ಇನ್ನೊಂದು. ಕೀಲಿನ ಕುತ್ತಿಗೆ, ಮಾಸ್ಟಿನ ದಿಮ್ಮಿ ಎರಡೂ ಗಟ್ಟಿ ಇದ್ದರೆ ನಾನು ಇದನ್ನೇ ಆರಿಸುತ್ತೇನೆ, ನಿಮ್ಮ ಮನೆಗೆ, ನಿಮ್ಮ ನೀರಿಗೆ. ಮಾಸ್ಟ್ ಹಿಡಿದಿರುವ ತಂತಿಗಳು 15 ವರ್ಷ ದಾಟಿದ್ದರೆ ಬದಲಾಯಿಸಿ. ಈಚೆಗೆ ನಾನು ಕಂಡ ಬಿಲ್ಲುಗಳಲ್ಲಿ ಈ ಅಳತೆಯ ದೋಣಿಗೆ 5ರಿಂದ 8 ಸಾವಿರ ಡಾಲರ್ ಇತ್ತು. ಅದನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಬಹಾಮಾಸ್‌ಗೆ ಹವೆ ನೋಡಿಕೊಂಡು, ಉತ್ತರಕ್ಕೆ ಹರಿಯುವ ಗಲ್ಫ್ ಸ್ಟ್ರೀಮ್ ಪ್ರವಾಹ ದಾಟಿದರೆ ಈ ದೋಣಿ ಸಾಕು. ಆ ಪ್ರವಾಹಕ್ಕೆ ಎದುರಾಗಿ ಉತ್ತರದ ಗಾಳಿ ಬೀಸುವಾಗ ಮಾತ್ರ ಯಾವ ದೋಣಿಯಲ್ಲೂ ಹೊರಡಬೇಡಿ. ಒಂದು ವೇಳೆ ಕೀಲಿನ ಮರ ಸತ್ತಿದ್ದರೆ ಎರಡನ್ನೂ ಬಿಟ್ಟು ಬನ್ನಿ. ಈ ಜಾತಿಯ ದೋಣಿ ಪ್ರತಿ ವಸಂತದಲ್ಲೂ ಮಾರಾಟಕ್ಕೆ ಬರುತ್ತವೆ.

ವಿಮೆಯವರು ಹೇಗೂ ದೋಣಿಯನ್ನು ನೀರಿನಿಂದ ಮೇಲೆತ್ತಿ ಮಾಡಿದ ಸರ್ವೆ ಕೇಳುತ್ತಾರೆ. ಸರ್ವೇಯರ್ ಮಾರುವವರ ಬ್ರೋಕರ್ ಹೇಳಿದವರಾಗಿರಬಾರದು. ಆದರೆ ಅದಕ್ಕೆ ದುಡ್ಡು ಹಾಕುವ ಮೊದಲು ನೀವೇ ಒಂದು ದಿನ ಹೋಗಿ. ಸ್ಕ್ರೂ ಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ ಅಂಗೈ ಅಗಲಕ್ಕೊಂದರಂತೆ ತಟ್ಟುತ್ತಾ ಬನ್ನಿ. ಸಾಗರದವರಿಗೆ ಇದನ್ನು ಕಲಿಸಬೇಕಾಗಿಲ್ಲ, ಹಲಸಿನಕಾಯಿ ತಟ್ಟಿದ ಹಾಗೇ. ಎಳೆ ಕಾಯಿಯ ಹಾಗೆ ಟಣ್ ಅಂದರೆ ಡೆಕ್ ಚೆನ್ನಾಗಿದೆ. ಹಣ್ಣಿನ ಹಾಗೆ ಬೊದ್ ಅಂದರೆ ಒಳಗೆ ಕೊಳೆತಿದೆ. ಬೊದ್ ಅಂದ ಕಡೆಗೆಲ್ಲ ಅಂಟುಪಟ್ಟಿ ಹಚ್ಚಿ ಫೋಟೋ ತೆಗೆಯಿರಿ. ಮಾಲೀಕರು ಒಪ್ಪಿದರೆ ಆ ಜಾಗದ ಒಂದು ಸ್ಕ್ರೂ ಬಿಚ್ಚಿಸಿ. ತೂತಿನಿಂದ ಕಷಾಯದ ಬಣ್ಣದ ನೀರು ಬಂದರೆ ಮಾತಾಡುವುದೇ ಬೇಡ.

ಕೆಟಲಿನಾಗೆ ಒಂದು ಹಳೆ ಟವೆಲ್ ತೆಗೆದುಕೊಂಡು ಹೋಗಿ. ದೋಣಿ ನೀರಲ್ಲಿರುವಾಗಲೇ ಬಿಲ್ಜ್ ಪೂರ್ತಿ ಒರೆಸಿ, ಪ್ರತಿ ಬೋಲ್ಟಿನ ಬುಡ ಒಣಗಿಸಿ. ಊಟ ಮಾಡಿ ಬನ್ನಿ. ಮರಳಿ ಬಂದಾಗ ಯಾವ ಬೋಲ್ಟಿನ ಸುತ್ತ ಮತ್ತೆ ಒದ್ದೆಯಾಗಿದೆ ಅಂತ ನೋಡಿ, ಅದರ ಫೋಟೋ ನನಗೆ ಕಳಿಸಿ. ಕಂಬದ ಬುಡದ ದಿಮ್ಮಿಯದ್ದೂ ಒಂದು ತೆಗೆಯಿರಿ, ಟಾರ್ಚ್ ಪಕ್ಕದಿಂದ ಹಿಡಿದು.